ಗೌರತ್ತೆಯ ಕುಂಕುಮ

ಸುಂದರೇಶನನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. 2004ರಲ್ಲಿ, ಗೋಕುಲಂನ ಅವನ ಮನೆ ಮಹಡಿಯಲ್ಲಿ ಬಾಡಿಗೆಗಿದ್ದ ಯೋಗ ಕಲಿಯಲು ಬಂದ ವಿದೇಶಿಯೊಬ್ಬ ಒಂದು ಆಟದ ಪುಸ್ತಕ, ದಾಳ ಬಿಟ್ಟುಹೋದ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು. ಆಡುವವರು ಒಂದೊಂದು ಪಾತ್ರ ಕಟ್ಟಿಕೊಂಡು ಅದಾಗಿ ಮಾತಾಡಬೇಕು. ಕಥೆ ನಡೆಸುವವನು, ರಾಕ್ಷಸರ ಬಾಯಾಗುವವನು ಸುಂದರೇಶ.

ನಾನು ಕತ್ತಿ ಹಿಡಿದೆ, ನಮ್ಮ ಜೊತೆ ಆಡುತ್ತಿದ್ದ ಗೆಳೆಯ ವಸಿಷ್ಠ ಬಿಲ್ಲು ಹಿಡಿದ. ನನ್ನ ಗೆಳತಿ ಚೂಡಾಮಣಿ ಮಾತ್ರ ಗೌರತ್ತೆ ಎಂಬ ಮುದುಕಿಯನ್ನು ಕಟ್ಟಿದಳು. ಆಯುಧವಿಲ್ಲ, ಮಂತ್ರವಿಲ್ಲ. ಅವಳ ಬಲವೆಲ್ಲ ಒಂದೇ ನಿಯಮ: ಅವಳು ಯಾರ ಬಾಗಿಲಿಗೆ ಹೋದರೂ ಅವರು ಕುಂಕುಮ ಕೊಡದೆ ಕಳಿಸುವಂತಿಲ್ಲ, ಕೊಡುವತನಕ ಅವಳನ್ನು ಮುಟ್ಟುವಂತಿಲ್ಲ. ತಮಾಷೆ ಎಂದು ಸುಂದರೇಶ ಒಪ್ಪಿದ. ಅವನ ರಾಕ್ಷಸರು ಕೋಟೆಯೆಲ್ಲ ಕುಂಕುಮ ಹುಡುಕುವಷ್ಟರಲ್ಲಿ ನಾವು ಸೆರೆಯಾಳುಗಳನ್ನು ಬಿಡಿಸುತ್ತಿದ್ದೆವು.

ಚೂಡಾಮಣಿಗೆ ಅದು ತಮಾಷೆಯಲ್ಲ. ವಿದ್ಯಾರಣ್ಯಪುರಂನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳಿಗೆ ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಪ್ರತಿ ಭಾನುವಾರ ನಾವು ಹೊರಡುವಾಗ ಸುಂದರೇಶನ ತಾಯಿ ಬಟ್ಟಲು ಹಿಡಿದು ಬಂದು ನನಗೆ ಕುಂಕುಮ ಇಡುತ್ತಿದ್ದರು, ಅವಳನ್ನು ಕಾಣದವರ ಹಾಗೆ ಒಳಗೆ ಹೋಗುತ್ತಿದ್ದರು. ಆ ಮನೆಯಲ್ಲಿ ಅವಳಿಗೆ ಕುಂಕುಮ ಸಿಗುತ್ತಿದ್ದದ್ದು ಆಟದಲ್ಲಿ ಮಾತ್ರ.

ಅದನ್ನೂ ಕಿತ್ತುಕೊಂಡ, ಪಾಪಿ. ಒಂದು ಭಾನುವಾರ ದಾಳ ಕೂಡ ಹಾಕದೆ ಹೇಳಿದ: "ಗೌರತ್ತೆ ಗಂಡ ಯುದ್ಧದಲ್ಲಿ ಸತ್ತೋದ. ಇನ್ನೆಲ್ಲಿ ಕುಂಕುಮ? ರಾಕ್ಷಸ ಅವಳನ್ನ ಆಚೆ ದಬ್ತಾನೆ. ನೀವೂ ಎಲ್ಲರ ಹಾಗೆ ಒಂದು ಪಾತ್ರ ಮಾಡ್ಕೊಳ್ರೀ."

ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಚೂಡಾಮಣಿ ದಾಳವನ್ನು ಅವನತ್ತ ತಳ್ಳಿದಳು.

"ಗಂಡ ಇದ್ರೆ ಮಾತ್ರ ಅಂತ ನಾನು ಹೇಳೇ ಇಲ್ಲ ಕಣ್ರೀ. ಕೊಡೋತನಕ ಗೌರತ್ತೆ ಬಾಗಿಲು ಬಿಟ್ಟು ಏಳಲ್ಲ."

"ಆಟ ಮುಗೀತು, ಹೊರಡಿ," ಎಂದು ಸುಂದರೇಶ ಪುಸ್ತಕ ಮುಚ್ಚಿದ.

ನಾವು ಮಹಡಿ ಇಳಿದಾಗ ಅವನ ತಾಯಿ ಎಂದಿನಂತೆ ಬಟ್ಟಲು ಹಿಡಿದು ಬಂದರು. ಚೂಡಾಮಣಿ ಹೊಸಿಲ ಪಕ್ಕದಲ್ಲೇ ಕುಳಿತುಬಿಟ್ಟಳು.

"ಕುಂಕುಮ ಕೊಡಿ ಅಮ್ಮ, ಹೋಗ್ತೀನಿ."

"ರೀ, ಇದು ಆಟ ಅಲ್ಲ!" ಸುಂದರೇಶ ಕಿರುಚಿದ.

"ನಂಗೊತ್ತು."

ನಾನೂ ಅವಳ ಪಕ್ಕ ಕುಳಿತೆ. "ಮೊದಲು ಅವಳಿಗೆ," ಎಂದೆ. ತಾಯಿ ಬಟ್ಟಲನ್ನು ನೆಲದ ಮೇಲಿಟ್ಟು, "ತಗೊಳಮ್ಮ," ಎಂದು ತಿರುಗಿದರು.

"ಇಟ್ಕೊಳ್ಳೋಕೆ ನಮ್ಮನೇಲೂ ಇದೆ ಅಮ್ಮ. ನೀವು ಕೊಡ್ಬೇಕು."

ಮಗ ಬೇಡ ಬೇಡ ಎನ್ನುತ್ತಿದ್ದಂತೆಯೇ ಆಕೆ ಮಂಡಿ ಹಿಡಿದುಕೊಂಡು ಬಗ್ಗಿದರು. ಚೂಡಾಮಣಿಯ ಹಣೆಗೆ ಇಟ್ಟರು.

ಸುಂದರೇಶ ನಮ್ಮನ್ನು ಮತ್ತೆ ಆಟಕ್ಕೆ ಕರೆಯಲಿಲ್ಲ. ಅವನ ದಾಳ ಅವನೇ ಇಟ್ಟುಕೊಳ್ಳಲಿ.