ಸವಣೂರಿನ ರಹವಾಸಿ

ಸವಣೂರ ಸಂಸ್ಥಾನ ವಿಲೀನವಾದ ದಿನ ಹಾನಗಲ್ಲಿನ ಸಾಲೆಯಲ್ಲಿ ಹುಡುಗರಿಗೆ ಸಕ್ಕರೆ ಹಂಚಿದರು. ಮಧ್ವೇಶ ಮಾಸ್ತರರು ಮಾತ್ರ ತಲೆನೋವೆಂದು ಹೇಳಿ ಮನೆಗೆ ಹೋಗಿ ಮಲಗಿಬಿಟ್ಟರು. ನವಾಬರ ಮೇಲೆ ಅವರಿಗೇನೂ ಪ್ರೀತಿ ಇರಲಿಲ್ಲ. ಆದರೆ ಹತ್ತು ವರ್ಷದ ಹಿಂದೆ ಆ ಸಂಸ್ಥಾನದ ಒಂದು ಕಾಗದದ ಸಲುವಾಗಿ ಹೆತ್ತ ತಂದೆಯನ್ನೇ ಬಿಟ್ಟುಕೊಟ್ಟಿದ್ದರು. ಈಗ ಅಂಥ ಕಾಗದವೇ ಯಾರಿಗೂ ಬೇಡವಾಗಿತ್ತು.

ಆಗ ಅವರು ಮಾಸ್ತರರಲ್ಲ, ಬರೀ ಮಧ್ವೇಶ. ತಿಳವಳ್ಳಿಯ ಬಡ ವೈಷ್ಣವರ ಮನೆಯ ಹಿರಿಮಗ. ತಿಳವಳ್ಳಿ ಇಂಗ್ಲಿಷರ ಸೀಮೆ, ಸವಣೂರು ನವಾಬರದು. ಮೋಟಾರು ಹತ್ತಿದರೆ ಅರ್ಧ ದಿನದ ದಾರಿಯಾದರೂ ಪರರಾಜ್ಯ ಪರರಾಜ್ಯವೇ. ಸವಣೂರಿನ ಇಂಗ್ಲಿಷ್ ಸಾಲೆಯಲ್ಲಿ ಸಂಸ್ಥಾನದ ರಹವಾಸಿಗಳಿಗೆ ಫೀ ಮಾಫಿ, ಹೊರಗಿನವರಿಗೆ ಇಲ್ಲ. ಫೀ ತುಂಬುವ ತಾಕತ್ತು ತಂದೆ ಶೇಷಾಚಾರರಿಗೆ ಇರಲಿಲ್ಲ. ಮಗ ವಾರಾನ್ನದ ಮೇಲೆ ಓದುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ದಿನಕ್ಕೊಂದು ಮನೆಯ ಊಟ.

ರಹವಾಸಿ ದಾಖಲೆ ಬರೆಯುವ ಕಾರಕೂನ ಖಾದರಸಾಬ ಕೆಟ್ಟವನಲ್ಲ. “ನಿನ್ನ ಒಲಿ ಯಾವ ಮನ್ಯಾಗ ಐತಪಾ?” ಎಂದು ಕೇಳಿದ.

“ವಾರಕ್ಕ ಏಳು ಮನಿ ಅವರಿ.”

ಕಚೇರಿಯವರೆಲ್ಲ ನಕ್ಕರು. ಖಾದರಸಾಬನೂ ನಕ್ಕ. “ಏಳು ಮನ್ಯಾಗ ಉಣ್ಣಾಂವ ಯಾವ ಮನಿ ರಹವಾಸಿನೂ ಅಲ್ಲ. ಈ ಊರಾಗ ನೀ ಯಾರ ಮಗಾ? ಅಷ್ಟ ಹೇಳು.”

ಆ ಅವಮಾನದಲ್ಲೇ ಮಧ್ವೇಶನ ಬಾಯಿ ಜಾರಿತು. “ಯಮುನಾಬಾಯಿಯವರ ದತ್ತಕ ಮಗರಿ.”

ಯಮುನಾಬಾಯಿ ಅವನ ಗುರುವಾರದ ಮನೆಯವರು, ಮಕ್ಕಳಿಲ್ಲದ ವಿಧವೆ. ಸಂಜೆ ಅವರ ಕಾಲಿಗೆ ಬಿದ್ದು ಎಲ್ಲ ಹೇಳಿದ. “ವಿದ್ಯಾದ ಕೆಲಸ, ಕೇಳಿದ್ರ ಹೂಂ ಅಂತೇನಿ ಬಿಡು” ಎಂದರು. ಕಚೇರಿಯ ಕಡೆಯಿಂದ ಪಂಚರು ವಿಚಾರಿಸಲು ಬಂದಾಗ, ದತ್ತಕದ ಶಾಸ್ತ್ರ ತಿಳವಳ್ಳಿಯಲ್ಲೇ ಆಯಿತೆಂದೂ ಹೇಳಿಬಿಟ್ಟರು. ದಾಖಲೆಯಲ್ಲಿ ಶೇಷಾಚಾರರ ಹೆಸರಿದ್ದಲ್ಲಿ ಆ ಮನೆಯ ತೀರಿಹೋದ ಯಜಮಾನರ ಹೆಸರು ಕೂತಿತು. ಕಾಗದದ ಮಾತು ಕಾಗದದಲ್ಲೇ ಇರುತ್ತದೆಂದು ನಂಬಿದ ಜಾಣ ಮಧ್ವೇಶ ಊರಿಗೆ ಏನೂ ತಿಳಿಸಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯವರು ಅವನನ್ನು ಯಮುನಾಬಾಯಿಯ ಮಗನೆಂದೇ ಕರೆಯತೊಡಗಿದರು. ಉಳಿದ ಮನೆಯವರು ವಾರಾನ್ನ ನಿಲ್ಲಿಸಿದರು. ಸ್ವಂತ ಮನೆ ಇದ್ದವನಿಗೆ ವಾರಾನ್ನ ಯಾಕೆ?

ಮೆಟ್ರಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದಾಗ ರಾತ್ರಿಯೇ ಊರು ಬಿಟ್ಟಿದ್ದ ತಿಳವಳ್ಳಿಯ ಚೌಡಪ್ಪ ಏದುಸಿರು ಬಿಡುತ್ತ ಬಂದ.

“ನಿಮ್ಮ ಅಪ್ಪಾರು ಹೋದ್ರು. ಹೆಣ ಮನ್ಯಾಗ ಇಟ್ಟಾರ. ಹಿರೇ ಮಗ ಬಂದು ಬೆಂಕಿ ಕೊಡ್ಲಿ ಅಂತ ಅವ್ವಾರು ಕಾಯಾಕತ್ತಾರ, ನಡೀರಿ.”

ಮಧ್ವೇಶ ಎದ್ದ. ಪಕ್ಕದಲ್ಲಿದ್ದ ಪುರೋಹಿತರು ಅವನ ಕೈ ಹಿಡಿದರು. “ದತ್ತಕ ಹೋದಾಂವ ಹೆತ್ತಪ್ಪಗ ಬೆಂಕಿ ಕೊಡಬಾರದು. ತಮ್ಮ ಇದ್ದಾನಲ್ಲ, ಅವ ಕೊಡ್ಲಿ. ನಿನಗ ಮೂರು ದಿನದ ಸೂತಕ, ಅಷ್ಟ. ತಲಿ ಬೋಳಸೋದೂ ಇಲ್ಲ.”

ದತ್ತಕದ ಮಾತನ್ನು ಚೌಡಪ್ಪ ಕೇಳಿದ್ದು ಅದೇ ಮೊದಲು. ಸುಳ್ಳು ಹೇಳಿದ್ದೆ ಎಂದರೆ ಮುಗಿಯುತ್ತಿತ್ತು. ಆದರೆ ಮಾಫಿ ಹೋಗುತ್ತದೆ, ಪರೀಕ್ಷೆ ಹೋಗುತ್ತದೆ, ಪಂಚರ ಮುಂದೆ ಯಮುನಾಬಾಯಿ ಸುಳ್ಳಿಯಾಗುತ್ತಾರೆ. ಇಷ್ಟೆಲ್ಲ ಲೆಕ್ಕ ಹಾಕುವಷ್ಟು ಬುದ್ಧಿ ಅಪ್ಪ ಸತ್ತ ಆ ಗಳಿಗೆಯಲ್ಲೂ ತನಗಿತ್ತಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಬಾಯಿ ಬಿಡಲಿಲ್ಲ.

“ನೀ ನಡಿ ಚೌಡಪ್ಪ. ತಮ್ಮಗ ಕೊಡಾಕ ಹೇಳು” ಎಂದ.

ಮೂರು ದಿನ ಯಮುನಾಬಾಯಿಯ ಪಡಸಾಲೆಯಲ್ಲಿ ಮುಖ ಮುಚ್ಚಿಕೊಂಡು ಕೂತ. ನಾಲ್ಕನೆಯ ದಿನ ತಡೆಯಲಾರದೆ ತಿಳವಳ್ಳಿಗೆ ಹೋದ. ಮನೆಯ ಕಟ್ಟೆಯ ಮೇಲೆ ತಮ್ಮ ತಲೆ ಬೋಳಿಸಿಕೊಂಡು ಕೂತಿದ್ದ. ಅಣ್ಣನ ತಲೆಯ ಕೂದಲನ್ನೇ ನೋಡಿ ಮುಖ ತಿರುಗಿಸಿದ. ತಾಯಿ ಪದ್ಮಾಬಾಯಿ ಹೊಸ್ತಿಲ ಒಳಗೆ ನಿಂತಿದ್ದಳು.

“ಒಳಗ ಬರಬ್ಯಾಡ್ರಿ. ನಮಗ ಸೂತಕ ಅದ. ನಿಮ್ಮದು ಮುಗದದ” ಎಂದಳು.

“ಅವ್ವಾ, ಅದು ಫೀ ಸಲುವಾಗಿ ಹೇಳಿದ ಸುಳ್ಳು. ನಾ ಯಾರ ಮನಿಗೂ ದತ್ತಕ ಹೋಗಿಲ್ಲ.”

“ಸಂಜಿತನಕ ಹೆಣದ ಮುಂದ ಕೂತು ದಾರಿ ನೋಡಿದೆ. ಈ ಮಾತು ಅವತ್ತ ಹೇಳಿ ಕಳಸಬೇಕಿತ್ತು.” ಕಣ್ಣೊರೆಸಿಕೊಂಡು ಮುಂದುವರಿಸಿದಳು. “ದೂರದಿಂದ ಬಂದೀರಿ. ಬಾಜೂ ಮನ್ಯಾಗ ನಿಮಗ ಎಲಿ ಹಾಕಂತ ಹೇಳೇನಿ. ಉಂಡು ಹೋಗ್ರಿ.”

ನಾಚಿಕೆಯಿಂದ ಅವನಿಗೆ ಅಳಲೂ ಆಗಲಿಲ್ಲ. ಬಾಜೂ ಮನೆಗೆ ಹೋಗಿ ತಲೆ ತಗ್ಗಿಸಿ ಉಂಡ.

ಪದ್ಮಾಬಾಯಿ ಆಮೇಲೆಯೂ ಬಹಳ ವರ್ಷ ಬದುಕಿದಳು, ಜಗಳವಾಡಲಿಲ್ಲ, ಬೈಯಲಿಲ್ಲ. ಹಿರಿಮಗ ಬಂದಾಗಲೆಲ್ಲ ಪಡಸಾಲೆಯಲ್ಲಿ ಚಾಪೆ ಹಾಸಿ, “ಬರ್ರಿ, ಕೂಡ್ರಿ” ಎನ್ನುತ್ತಿದ್ದಳು.