ಹಸಿರು ಪೊಟ್ಟಣದ ಮೇಲೆ ಹಾಕಿದ ತಪ್ಪು

ನಮ್ಮ ಶಿಂಚು ನಗರದ ಕಂಪ್ಯೂಟರ್ ಕೋಣೆಗಳಲ್ಲಿ ಯಂತ್ರದ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇರಲೇಬೇಕು. ಅದರ ಹೆಸರಿನ ಅರ್ಥವೇ ‘ಜಾಣಮರಿಯಾಗಿರು’. ತಿಂಡಿಯ ಅವಧಿ ಮೀರಿದರೆ ಯಂತ್ರ ಮುನಿಯುತ್ತದಂತೆ. ನಂಬದವರೂ ಅದನ್ನು ತೆಗೆಯುವುದಿಲ್ಲ.

ಫಾನ್ ಯುವೆ-ಚಿನ್ ನಂಬದವಳು. ಐವತ್ತು ದಾಟಿದ ಈಕೆ ಕಂಪೈಲರ್ ಕಟ್ಟುವವಳು. ಜನ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿ, ಓಟ ಚುರುಕಾಗಲೆಂದು ಅಲ್ಲಲ್ಲಿ ತಿದ್ದುವ ಸಾಧನ ಅದು.

ಬಸ್ ನಿಲ್ದಾಣಗಳ ಸಮಯಫಲಕ ನಡೆಸುವ ಪ್ರೋಗ್ರಾಮು ಜನ ಹೆಚ್ಚಿದ ಹೊತ್ತಿನಲ್ಲೇ ಕುಸಿದು ಬೀಳತೊಡಗಿತು. ಅದನ್ನು ಬರೆದ ಪೆಂಗ್ ದೆ-ಕ್ವಾನ್, ಕಂಪೈಲರನ್ನೊಮ್ಮೆ ನೋಡಬಹುದೇ ಎಂದು ಸಭೆಯಲ್ಲಿ ಮೆಲ್ಲಗೆ ಕೇಳಿದ.

“ಕಂಪೈಲರ್ ನೋಡೋಕ್ ಮುಂಚೆ ನಿನ್ ಪೊಟ್ಟಣದ ತಾರೀಖು ನೋಡ್ಕೊ ತಮ್ಮಾ” ಎಂದಳು ಯುವೆ-ಚಿನ್.

ಪೊಟ್ಟಣ ಬದಲಿಸುವ ಸರದಿ ಅವನದಾಗಿತ್ತು. ಅವಧಿ ನಿಜಕ್ಕೂ ಮುಗಿದಿತ್ತು. ಎಲ್ಲರೂ ನಕ್ಕರು. ನಗು ನಿಂತ ಮೇಲೂ ತಪ್ಪು ಅವನ ತಲೆಯ ಮೇಲೇ ಉಳಿಯಿತು. ಸಮಯಫಲಕದ ಕೆಲಸವನ್ನು ಅವನ ಕೈಯಿಂದ ಕಿತ್ತುಕೊಂಡರು.

ಆಮೇಲೆ ಅನುಮಾನ ಕೊರೆದು ಯುವೆ-ಚಿನ್ ತನ್ನ ಕಂಪೈಲರ್ ಹೊರಹಾಕಿದ್ದನ್ನು ಸಾಲುಸಾಲಾಗಿ ಓದಿದಳು. ಆ ಪ್ರೋಗ್ರಾಮಿನೊಳಗೆ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ, ಗೋಡೆಯ ಒಂದೇ ಕಪ್ಪುಹಲಗೆ ನೋಡಿಕೊಂಡು ಇಬ್ಬರು ಅಡುಗೆಯವರು ದುಡಿದಂತೆ. ಮೊದಲನೆಯವನು ಹಲಗೆ ಓದಿದರೆ ಸಾಕಿತ್ತು. ವೇಗದ ಆಸೆಗೆ ಆಕೆ ಕಂಪೈಲರಿನಲ್ಲಿ ಮಾಡಿದ ತಿದ್ದುಪಡಿಯಿಂದ, ಅವನು ಓದಿದ ಹಳೆಯದನ್ನೇ ತಿರುಗಿ ಬರೆದಿಡುತ್ತಿದ್ದ. ಅಷ್ಟರಲ್ಲಿ ಎರಡನೆಯವನು ಬರೆದ ಹೊಸದು ಅಳಿಸಿಹೋಗುತ್ತಿತ್ತು. ಪ್ರೋಗ್ರಾಮು ಇಲ್ಲದ್ದನ್ನು ಹುಡುಕಿ ಮುಗ್ಗರಿಸುತ್ತಿತ್ತು. ತಿರುಗಿ ಬರೆ ಎಂದು ದೆ-ಕ್ವಾನ್ ಎಲ್ಲೂ ಹೇಳಿರಲಿಲ್ಲ.

ಆಕೆ ಯಾರಿಗೂ ಹೇಳದೆ ಸರಿಪಡಿಸಿದಳು. ಸದ್ದಿಲ್ಲದ ಇಂಥ ರಿಪೇರಿಗೆ ನಮ್ಮ ಕಚೇರಿಗಳಲ್ಲಿ ಜಾಣತನ ಎನ್ನುತ್ತಾರೆ. ನಾನು ಕಳ್ಳತನ ಎನ್ನುತ್ತೇನೆ. ಕದ್ದದ್ದು ಒಬ್ಬನ ಮರ್ಯಾದೆ.

ಅದೇ ವಾರ ದೆ-ಕ್ವಾನ್ ಹೊಸ ಪೊಟ್ಟಣ ತಂದಿಟ್ಟಿದ್ದ. ಕುಸಿತ ನಿಂತಿತು. ಊಟಕ್ಕೆ ಮುಂಚೆ ಅವನು ಆ ಪೊಟ್ಟಣಕ್ಕೆ ಕೈಮುಗಿಯುತ್ತಿದ್ದುದನ್ನು ಆಕೆ ಕಂಡಳು.

“ನೀವು ಹೇಳಿದ್ದೇ ಸರಿ ಅಕ್ಕ. ತಪ್ಪು ನಂದೇ.” ನಕ್ಕು ಹೇಳಲು ನೋಡಿದ; ನಗು ಬರಲಿಲ್ಲ.

ಆಕೆಯ ಮೈ ಹಿಡಿಯಷ್ಟಾಯಿತು. ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿದ್ದು ಒಂದೇ:

“ಅವತ್ತು ಎಲ್ರ ಮುಂದೆ ಹೇಳಿದ್ರಿ ಅಲ್ವಾ ಅಕ್ಕ?”

ಊಟದ ಡಬ್ಬಿ ತೆರೆದು ಕೂತಿದ್ದವರೆದುರು ಆಕೆ ನಿಂತು ಹೇಳಿದಳು. ಮ್ಯಾನೇಜರ್ ಪೊಟ್ಟಣದ ಮಾತೆತ್ತಿ ನಗಿಸಲು ಹೋದರು.

“ಆ ತಮಾಷೆ ಶುರು ಮಾಡಿದ್ದೇ ನಾನು. ಸಾಕು ಮಾಡಿ” ಎಂದಳು.

ಕೆಲಸ ದೆ-ಕ್ವಾನ್‌ಗೆ ಮರಳಿತು. ಈಗಲೂ ಅಕ್ಕ ಎನ್ನುತ್ತಾನೆ. ಮುಖ ಮಾತ್ರ ನೋಡುವುದಿಲ್ಲ.