ಕಾಸರಕದ ಗೆಲ್ಲು

ಹಟ್ಟಿಕೇರಿಯ ಗದ್ದೆಯಲ್ಲಿ ನಾಗಮ್ಮ ಬಗ್ಗಿ ಕಾಸರಕದ ಗೆಲ್ಲು ನೆಡುತ್ತಿದ್ದಳು. ಪೈರಿಗೆ ಹುಳ ಬೀಳದಿರಲೆಂದು ಆ ಕಹಿ ಮರದ ಕೊಂಬೆಯನ್ನು ಗದ್ದೆಯ ಒಡೆಯರೇ ನೆಡುವುದು ನಮ್ಮ ಕಡೆಯ ರೂಢಿ. ಆದರೆ ಆ ಗದ್ದೆ ಅವಳದಾಗಿ ಉಳಿದಿರಲಿಲ್ಲ. ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಗಂಡ ಜೈಲಿಗೆ ಹೋದ ಮೇಲೆ ಅದು ಪೈರಿನ ಸಮೇತ ಹರಾಜಾಗಿತ್ತು. ಕೊಂಡವರು ನನ್ನ ಅಪ್ಪ.

"ಗದ್ದೆ ಈಗ ನಂದು, ಗೊತ್ತಿಲ್ವಾ?" ಎಂದರು ಅಪ್ಪ.

"ಹುಳ ಯಾರ ಗದ್ದೆ ಅಂತ ಕೇಳ್ಕಂಡೆ ಬತ್ತದ್ಯ, ಒಡೆಯಾ? ಸಸಿ ನೆಟ್ಟವ್ಳು ನಾ ಅಲ್ವಾ?" ಎಂದ ನಾಗಮ್ಮ ಇನ್ನೊಂದು ಗೆಲ್ಲು ಊರಿದಳು.

ಆ ಸಲ ಹುಳ ಬೀಳಲಿಲ್ಲ. ಆ ಗದ್ದೆಯ ಹೊಸ ಅಕ್ಕಿಯ ಊಟದ ದಿನ ಅಪ್ಪ ಒಂದೇ ತುತ್ತು ತಿಂದು, ಅನ್ನ ಕಹಿಯಾಗಿದೆ ಎಂದು ಎದ್ದುಬಿಟ್ಟರು. ಅದೇ ಅನ್ನ ಉಂಡ ನಮಗ್ಯಾರಿಗೂ ಕಹಿ ಎನಿಸಲಿಲ್ಲ.